ಓದುಗರ ಪ್ರಶ್ನೆ: ಸಿಮ್ಯುಲೇಶನ್‌ನ ಚುಕ್ಕಿ ರಂಗೋಲಿ

ಈ ತಿಂಗಳು ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು, ಸರ್ಕ್ಯೂಟ್ ಸಿಮ್ಯುಲೇಶನ್ ರನ್ ಆದ್ಮೇಲೆ ಸ್ಕ್ರೀನ್ ಮೇಲೆ ಬರೋ ವೇವ್‌ಫಾರ್ಮ್‌ನ ಹೇಗೆ ಓದ್ಬೇಕು, ಅದ್ರಿಂದ ಸರಿಯಾದ ನಂಬರ್ ಹೇಗೆ ತೆಗೀಬೇಕು ಅಂತ. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಟು ಈ ಸಲ ಇದನ್ನೇ ತಗೊಂಡಿದೀನಿ. ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೀಬೇಕು. ಕೆಳಗೆ ಬರೋ ಎಲ್‌ಟಿ ಸ್ಪೈಸ್ ಅಂದ್ರೆ ಸರ್ಕ್ಯೂಟ್‌ನ ಕಂಪ್ಯೂಟರಲ್ಲೇ ಓಡ್ಸಿ ನೋಡೋ ಪ್ರೋಗ್ರಾಮ್, ಎಫ್‌ಎಫ್‌ಟಿ ಅಂದ್ರೆ ವೇವ್‌ನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಎಷ್ಟೆಷ್ಟು ಇದೆ ಅಂತ ತೋರ್ಸೋ ಲೆಕ್ಕ.

ಪ್ರಶ್ನೆ: ಸರ್, ನಾನು ಇಸಿ ನಾಲ್ಕನೇ ಸೆಮಿಸ್ಟರ್. ಎಲ್‌ಟಿ ಸ್ಪೈಸಲ್ಲಿ ಬ್ರಿಡ್ಜ್ ರೆಕ್ಟಿಫೈಯರ್ (ನಾಲ್ಕು ಡಯೋಡಿಂದ ಎಸಿನ ಡಿಸಿ ಮಾಡೋದು) ಮಾಡಿದೀನಿ, 12 ವೋಲ್ಟ್ ಎಸಿ, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಅರ್ಧ ಆಂಪ್ ಲೋಡ್. ಜೂಮ್ ಮಾಡಿ ನೋಡಿದ್ರೆ ಸೈನ್ ವೇವ್ ದುಂಡಗಿಲ್ಲ, ಮೂಲೆ ಮೂಲೆಯಾಗಿ ಕಾಣತ್ತೆ. ಎಫ್‌ಎಫ್‌ಟಿ ಹಾಕಿದ್ರಂತೂ ತಳದಲ್ಲಿ ಎಲ್ಲಾ ಕಡೆ ಹುಲ್ಲು ಬೆಳೆದ ಹಾಗೆ ಏನೇನೋ ಬರತ್ತೆ. ಔಟ್‌ಪುಟ್ ವೋಲ್ಟೇಜ್ ಕೂಡ ನಾನು ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಕಮ್ಮಿ. ನನ್ನ ಸರ್ಕ್ಯೂಟ್ ತಪ್ಪಾ?
(ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಸರ್ಕ್ಯೂಟ್ ಸರಿಯಾಗೇ ಇದೆ ಅನ್ಸತ್ತೆ ಕಣಮ್ಮ, ಮೂರು ಬೇರೆ ಬೇರೆ ವಿಷಯ ಒಟ್ಟಿಗೆ ಸೇರ್ಕೊಂಡಿದೆ ಅಷ್ಟೇ, ಒಂದೊಂದಾಗಿ ಬಿಡಿಸೋಣ.

ಮೊದ್ಲು ವೋಲ್ಟೇಜ್ ವಿಷಯ ಮುಗಿಸ್ಬಿಡ್ತೀನಿ. ಸೈನ್ ಸೋರ್ಸಲ್ಲಿ ಆಂಪ್ಲಿಟ್ಯೂಡ್ ಅಂತ ಇರೋ ಜಾಗಕ್ಕೆ 12 ಹಾಕಿರ್ತೀರ. ಅಲ್ಲಿ ಅದು ಕೇಳ್ತಿರೋದು ಪೀಕ್ ವ್ಯಾಲ್ಯೂ, ಟ್ರಾನ್ಸ್‌ಫಾರ್ಮರ್ ಮೇಲೆ ಬರ್ದಿರೋ 12 ಆರ್‌ಎಂಎಸ್, ಅಂದ್ರೆ ಅಷ್ಟೇ ಬಿಸಿ ಮಾಡೋ ಡಿಸಿಗೆ ಸಮನಾದ ವ್ಯಾಲ್ಯೂ. ಸೈನ್‌ಗೆ ಪೀಕ್ ಅದರ 1.414 ಪಟ್ಟು. ಹಾಗಾಗಿ 17 ಹಾಕ್ಬೇಕು, ಎರಡು ಡಯೋಡ್‌ಗೆ 1.4 ಹೋದ್ರೆ ಸುಮಾರು 15.6 ವೋಲ್ಟ್ ಪೀಕ್ ಸಿಗತ್ತೆ. ಮನೆ ಕರೆಂಟ್ 230 ವೋಲ್ಟ್ ಅಂದ್ರೂ ಅದರ ಪೀಕ್ 325 ಅಲ್ವಾ, ಅದೇ ಲೆಕ್ಕ.

ಈಗ ಮೂಲೆ ಮೂಲೆ ಕಾಣೋದು. ನಮ್ಮ ಮನೆ ಮುಂದೆ ಚುಕ್ಕಿ ರಂಗೋಲಿ ಹಾಕ್ತೀವಲ್ಲ, ಮೊದ್ಲು ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೀತೀವಿ. ಸಿಮ್ಯುಲೇಟರ್ ಮಾಡೋದೂ ಅದನ್ನೇ. ಅದು ನಿಜವಾಗಿ ಲೆಕ್ಕ ಹಾಕಿರೋದು ಚುಕ್ಕಿಗಳನ್ನ ಮಾತ್ರ, ಮಧ್ಯದ ಗೆರೆ ಸುಮ್ನೆ ಜೋಡ್ಸಿರೋದು. ಆದ್ರೆ ರಂಗೋಲಿಯಲ್ಲಿ ಚುಕ್ಕಿ ಸಮ ದೂರದಲ್ಲಿರತ್ತೆ, ಇಲ್ಲಿ ಇರಲ್ಲ. ಡಯೋಡ್ ಆನ್ ಆಗೋ ಕ್ಷಣದಲ್ಲಿ ಎಲ್ಲಾ ಬೇಗ ಬೇಗ ಬದಲಾಗತ್ತೆ, ಅಲ್ಲಿ ತಪ್ಪು ಜಾಸ್ತಿ ಆಗ್ಬಾರ್ದು ಅಂತ ಪ್ರೋಗ್ರಾಮ್ ಪುಟ್ಟ ಪುಟ್ಟ ಹೆಜ್ಜೆ ಇಡತ್ತೆ, ಕೆಪಾಸಿಟರ್ ನಿಧಾನಕ್ಕೆ ಇಳೀತಿರೋವಾಗ ಏನೂ ವಿಶೇಷ ಇಲ್ಲ ಅಂತ ದೊಡ್ಡ ದೊಡ್ಡ ಹೆಜ್ಜೆ ಹಾಕ್ಕೊಂಡು ಹೋಗ್ಬಿಡತ್ತೆ. ಇದು ದೋಷ ಅಲ್ಲ, ಹೀಗೆ ಮಾಡೋದ್ರಿಂದಲೇ ಸಿಮ್ಯುಲೇಶನ್ ಬೇಗ ಮುಗಿಯೋದು. ನಿಮಗೆ ಕಣ್ಣಾರೆ ನೋಡ್ಬೇಕಾದ್ರೆ ವೇವ್‌ಫಾರ್ಮ್ ವಿಂಡೋ ಮೆನುಲಿ ಮಾರ್ಕ್ ಡೇಟಾ ಪಾಯಿಂಟ್ಸ್ ಅಂತ ಇದೆ, ಅದನ್ನ ಆನ್ ಮಾಡಿ. ಒಂದು ಕಡೆ ಚುಕ್ಕಿಗಳ ಜಾತ್ರೆ, ಇನ್ನೊಂದು ಕಡೆ ಬಯಲು. ನನ್ನ ಹತ್ರ ಕಲಿಯೋಕೆ ಬಂದ ಎಲ್ಲರಿಗೂ ಮೊದಲ ದಿನವೇ ಇದನ್ನ ತೋರಿಸ್ತೀನಿ, ಯಾಕಂದ್ರೆ ಮುಂದೆ ಬರೋ ಅರ್ಧಕ್ಕರ್ಧ ಗೊಂದಲ ಇದೊಂದನ್ನ ನೋಡಿದ್ರೆ ಹೋಗತ್ತೆ.

ಅದರ ಮೇಲೆ ಇನ್ನೊಂದಿದೆ. ಎಲ್‌ಟಿ ಸ್ಪೈಸ್ ಫೈಲ್ ಸೈಜ್ ಉಳಿಸೋಕೆ ಅಂತ ಲೆಕ್ಕ ಹಾಕಿದ ಚುಕ್ಕಿಗಳಲ್ಲೂ ಕೆಲವನ್ನ ಎಸೆಯತ್ತೆ. ಹೆಚ್ಚು ಕಮ್ಮಿ ನೇರ ಗೆರೆ ಮೇಲೇ ಇದೆ ಅನ್ಸಿದ ಪಾಯಿಂಟ್ ಬಿಟ್ಟು ಬಿಡತ್ತೆ. ಇದು ತಾನಾಗೇ ಆನ್ ಆಗಿರತ್ತೆ. ಕಣ್ಣಿಗೆ ನೋಡೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಎಫ್‌ಎಫ್‌ಟಿ ಮಾಡುವಾಗ ಆ ಸಣ್ಣ ಸಣ್ಣ ವ್ಯತ್ಯಾಸಗಳೆಲ್ಲ ಸೇರಿ ತಳದಲ್ಲಿ ಕಾಣಿಸ್ಕೊಳ್ಳತ್ತೆ. ನಿಮ್ಮ ಹುಲ್ಲಿನಲ್ಲಿ ದೊಡ್ಡ ಪಾಲು ಇದೇ ಇರತ್ತೆ. ಅದಕ್ಕೆ ಸ್ಕೀಮ್ಯಾಟಿಕ್ ಮೇಲೆ ".ಆಪ್ಷನ್ಸ್ ಪ್ಲಾಟ್‌ವಿನ್‌ಸೈಜ್=0" ಅಂತ ಒಂದು ಲೈನ್ ಹಾಕಿ, ಎಸೆಯೋದು ನಿಲ್ಲತ್ತೆ. ಜೊತೆಗೆ ".ಟ್ರಾನ್ 0 200ಎಂ 0 10ಯು" ಅಂತ ಕೊಡಿ. ಕೊನೇ ನಂಬರ್ ಇದ್ಯಲ್ಲ, ಅದು ಹೆಜ್ಜೆ ಎಷ್ಟೇ ದೊಡ್ಡದಾದ್ರೂ 10 ಮೈಕ್ರೋಸೆಕೆಂಡ್ ದಾಟ್ಬಾರ್ದು ಅನ್ನೋ ಮಿತಿ. 100 ಮಿಲಿಸೆಕೆಂಡ್‌ಗೆ ಕಮ್ಮಿ ಅಂದ್ರೂ 10,000 ಚುಕ್ಕಿ ಸಿಗತ್ತೆ, ಸೈನ್ ದುಂಡಗಾಗತ್ತೆ.

ಮೊದಲ ನಂಬರ್ ಯಾಕೆ 0 ಅಂತ ತುಂಬಾ ಜನ ಕೇಳ್ತಾರೆ. ಎಲ್‌ಟಿ ಸ್ಪೈಸ್‌ಗೆ ಮೂಲವಾದ ಸ್ಪೈಸ್ ಅನ್ನೋ ಪ್ರೋಗ್ರಾಮ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ, ಡೊನಾಲ್ಡ್ ಪೆಡರ್ಸನ್ ಅವರ ಹತ್ರ ಲಾರೆನ್ಸ್ ನೇಗೆಲ್ ಕೆಲಸ ಮಾಡ್ತಿದ್ದಾಗ, 1973ರಲ್ಲಿ ಅದನ್ನ ಹೊರಗೆ ತಂದ್ರು. ಆಗ ಗ್ರಾಫಿಕ್ಸ್ ಸ್ಕ್ರೀನ್ ಎಲ್ಲರ ಹತ್ರ ಎಲ್ಲಿತ್ತು, ಲೈನ್ ಪ್ರಿಂಟರ್ ಪೇಪರ್ ಮೇಲೆ ಸಾಲಿಗೊಂದು ನಕ್ಷತ್ರ ಚಿಹ್ನೆ ಹೊಡ್ದು ವೇವ್‌ಫಾರ್ಮ್ ಬಿಡಿಸ್ತಿದ್ರು. ಒಂದೊಂದು ಸಾಲಿಗೆ ಎಷ್ಟು ಟೈಮ್ ಅಂತ ಹೇಳೋ ನಂಬರ್ ಅದು. ಈಗ ಪ್ರಿಂಟರ್ ಹೋಗಿದೆ, ನಂಬರ್ ಉಳ್ಕೊಂಡಿದೆ, ಎಲ್‌ಟಿ ಸ್ಪೈಸಲ್ಲಿ 0 ಹಾಕಿದ್ರೆ ಸಾಕು.

ಮೂರನೇದು ಎಫ್‌ಎಫ್‌ಟಿ. ಎಫ್‌ಎಫ್‌ಟಿಗೆ ಸಮ ದೂರದ ಚುಕ್ಕಿಗಳೇ ಬೇಕು, ಅದಕ್ಕೆ ಪ್ರೋಗ್ರಾಮ್ ಒಳಗೊಳಗೇ ನಿಮ್ಮ ಏರುಪೇರಾದ ಚುಕ್ಕಿಗಳಿಂದ ಸಮ ಚುಕ್ಕಿಗಳನ್ನ ಅಂದಾಜು ಮಾಡ್ಕೊಳ್ಳತ್ತೆ. ಮೂಲದಲ್ಲಿ ಚುಕ್ಕಿ ವಿರಳವಾಗಿದ್ರೆ ಅಂದಾಜೂ ಅಷ್ಟಕ್ಕಷ್ಟೇ, ಎಫ್‌ಎಫ್‌ಟಿ ವಿಂಡೋಲಿ ಪಾಯಿಂಟ್ ಸಂಖ್ಯೆ ಎಷ್ಟು ಜಾಸ್ತಿ ಮಾಡಿದ್ರೂ ಇಲ್ಲದೇ ಇರೋ ಮಾಹಿತಿ ಹುಟ್ಟಲ್ಲ. ಇನ್ನು ಯಾವ ಭಾಗದ ಎಫ್‌ಎಫ್‌ಟಿ ಮಾಡ್ತಿದೀರ ಅನ್ನೋದು ಬಹಳ ಮುಖ್ಯ. ಶುರುವಿನಲ್ಲಿ ಕೆಪಾಸಿಟರ್ ಸೊನ್ನೆಯಿಂದ ಚಾರ್ಜ್ ಆಗೋ ಭಾಗ ಒಂದೇ ಸಲ ಆಗೋದು, ಅದನ್ನ ಸೇರಿಸ್ಬೇಡಿ. ಕೊನೇ 100 ಮಿಲಿಸೆಕೆಂಡ್ ಮಾತ್ರ ಜೂಮ್ ಮಾಡಿ, ಎಫ್‌ಎಫ್‌ಟಿ ಡಯಲಾಗಲ್ಲಿ ಈಗ ಜೂಮ್ ಆಗಿರೋ ಭಾಗ ಸಾಕು ಅನ್ನೋ ಆಯ್ಕೆ ಇದೆ ಅದನ್ನ ಒತ್ತಿ, ಇಲ್ಲಾಂದ್ರೆ ಟೈಮ್ ನೀವೇ ಟೈಪ್ ಮಾಡಿ. 50 ಹರ್ಟ್ಜ್‌ಗೆ 100 ಮಿಲಿಸೆಕೆಂಡ್ ಅಂದ್ರೆ ಸರಿಯಾಗಿ 5 ಸೈಕಲ್, ಎಫ್‌ಎಫ್‌ಟಿ ಗೆರೆಗಳು 10 ಹರ್ಟ್ಜ್‌ಗೊಂದು ಬೀಳತ್ತೆ. ಅದೇ ಕೈ ಅಂದಾಜಲ್ಲಿ ಜೂಮ್ ಮಾಡಿ 93 ಮಿಲಿಸೆಕೆಂಡ್ ತಗೊಂಡ್ರೆ 4.65 ಸೈಕಲ್ ಬರತ್ತೆ, ತುದಿ ತುದಿ ಕೂಡಲ್ಲ, ಒಂದು ಫ್ರೀಕ್ವೆನ್ಸಿಯ ಶಕ್ತಿ ಅಕ್ಕಪಕ್ಕಕ್ಕೆಲ್ಲ ಸೋರ್ಕೊಂಡು ಗೋಪುರ ಇರ್ಬೇಕಾದ ಕಡೆ ಗುಡ್ಡ ಕಾಣತ್ತೆ.

ಇಷ್ಟು ಮಾಡಿ ರಿಪಲ್, ಅಂದ್ರೆ ಔಟ್‌ಪುಟ್ ಡಿಸಿ ಮೇಲೆ ಉಳಿಯೋ ಏರಿಳಿತ, ನೋಡಿ. ದೊಡ್ಡ ಗೋಪುರ 100 ಹರ್ಟ್ಜಲ್ಲಿ ಇರ್ಬೇಕು, ಫುಲ್ ವೇವ್ ಆದ್ರಿಂದ, ಅಂದ್ರೆ ಸೈಕಲ್‌ನ ಎರಡೂ ಅರ್ಧದಲ್ಲಿ ಒಂದೊಂದು ಸಲ ಕೆಪಾಸಿಟರ್ ತುಂಬೋದ್ರಿಂದ. ಅಲ್ಲಿ 50 ಹರ್ಟ್ಜ್ ಎದ್ದು ಕಂಡ್ರೆ ಬ್ರಿಡ್ಜಲ್ಲಿ ಒಂದು ಡಯೋಡ್ ಸರಿಯಾಗಿ ಕನೆಕ್ಟ್ ಆಗಿಲ್ಲ ಅಂತ ಮೊದ್ಲು ಅನುಮಾನ ಪಡಿ. ರಿಪಲ್ ಎಷ್ಟು ಅಂತ ಕೈ ಲೆಕ್ಕಾನೂ ಮಾಡಿ, 0.5 ಆಂಪ್‌ನ 100 ಹರ್ಟ್ಜ್ ಮತ್ತೆ 1000 ಮೈಕ್ರೋಫ್ಯಾರಡ್‌ನ ಗುಣಲಬ್ಧದಿಂದ ಭಾಗಿಸಿದ್ರೆ 5 ವೋಲ್ಟ್. ಸಿಮ್ಯುಲೇಶನ್ ಅದಕ್ಕಿಂತ ಕಮ್ಮಿ ತೋರಿಸತ್ತೆ, ಯಾಕಂದ್ರೆ ಕೆಪಾಸಿಟರ್ ಪೂರ್ತಿ 10 ಮಿಲಿಸೆಕೆಂಡ್ ಇಳೀತಾ ಇರಲ್ಲ, ಅದರ ಮಧ್ಯೆನೇ ಡಯೋಡ್ ಮತ್ತೆ ಆನ್ ಆಗ್ಬಿಡತ್ತೆ. ಅಷ್ಟು ರಿಪಲ್ ತುಂಬಾ ಜಾಸ್ತಿ, 2200 ಹಾಕಿ ನೋಡಿ.

ಪ್ರಶ್ನೆ: ಸರ, ನಮ್ಮದು ಹುಬ್ಬಳ್ಳ್ಯಾಗ ಯುಪಿಎಸ್ ರಿಪೇರಿ ಅಂಗಡಿ ಐತ್ರಿ. ಮಗಾ ಲ್ಯಾಪ್‌ಟಾಪ್‌ನ್ಯಾಗ ಎಲ್‌ಟಿ ಸ್ಪೈಸ್ ಹಾಕಿ ಕೊಟ್ಟಾನ. ಇನ್ವರ್ಟರ್ ಔಟ್‌ಪುಟ್ ಅದ್ರಾಗ ಮಾಡಿ ನೋಡಿದ್ರ ಆರ್‌ಎಂಎಸ್ 230 ಬರತೈತಿ, ಅದೇ ಥರದ ಮಷೀನಿಗೆ ನಮ್ಮ ಮೀಟರ್ ಹಚ್ಚಿದ್ರ 180 ತೋರಸ್ತೈತಿ. ಯಾವುದು ಖರೇ ರೀ? ಇನ್ನೊಂದು, ಬ್ಯಾಟರಿ ಕರೆಂಟ್ ಮೈನಸ್ ಯಾಕ ಬರತೈತಿ?

ಉತ್ತರ: ನಿಮ್ಮ ಪತ್ರ ನೋಡಿ ತುಂಬಾ ಖುಷಿ ಆಯ್ತು ಯಜಮಾನ್ರೇ, ಕೈಯಲ್ಲಿ ಮೀಟರ್ ಹಿಡಿದವರು ಸಿಮ್ಯುಲೇಶನ್ ಜೊತೆ ಹೋಲಿಸಿ ನೋಡಿದ್ರೇನೇ ಇಂಥ ಪ್ರಶ್ನೆ ಹುಟ್ಟೋದು. ಇಲ್ಲಿ ಸಿಮ್ಯುಲೇಶನ್ ಖರೇ. ಮೀಟರ್ ಕೆಟ್ಟಿಲ್ಲ, ಆದ್ರೆ ಅದನ್ನ ಸೈನ್ ವೇವ್‌ಗೆ ಅಂತ ಮಾಡಿರೋದು.

ನಿಮ್ಮ ಮಷೀನ್ ಮಾಡಿಫೈಡ್ ಸೈನ್ ಕೊಡೋದು ಇರ್ಬೇಕು, ಅಂದ್ರೆ ಪ್ಲಸ್ 325ಕ್ಕೆ ಹಾರಿ ಸ್ವಲ್ಪ ಹೊತ್ತು ನಿಂತು, ಸೊನ್ನೆಗೆ ಬಂದು ಸ್ವಲ್ಪ ಹೊತ್ತು ಇದ್ದು, ಮೈನಸ್ 325ಕ್ಕೆ ಇಳಿಯತ್ತೆ. ಅರ್ಧ ಟೈಮ್ 325ರಲ್ಲಿ, ಅರ್ಧ ಟೈಮ್ ಸೊನ್ನೆಯಲ್ಲಿ ಅಂತ ಇಟ್ಕೊಳ್ಳಿ. ಆರ್‌ಎಂಎಸ್ ಅಂದ್ರೆ ವರ್ಗ ಮಾಡಿ, ಸರಾಸರಿ ತೆಗ್ದು, ವರ್ಗಮೂಲ, ಹಾಗೆ ಮಾಡಿದ್ರೆ 230. ಟ್ರೂ ಆರ್‌ಎಂಎಸ್ ಅಂತ ಬರ್ದಿರದ ಅಗ್ಗದ ಮೀಟರ್ ವರ್ಗ ಗಿರ್ಗ ಏನೂ ಮಾಡಲ್ಲ, ಎಸಿನ ಡಿಸಿ ಮಾಡಿ ಸರಾಸರಿ ತೆಗೆಯತ್ತೆ, ಅದು 162.5 ಬರತ್ತೆ, ಅದನ್ನ 1.11ರಿಂದ ಗುಣಿಸಿ ತೋರಿಸತ್ತೆ, ಸೈನ್ ಆಗಿದ್ರೆ ಆ 1.11 ಸರಿ ಹೋಗತ್ತೆ ಅಂತ. 162.5 ಗುಣಿಸು 1.11 ಅಂದ್ರೆ 180. ನಿಮ್ಮ ಮೀಟರ್ ಹೇಳಿದ್ದು ಅದನ್ನೇ ನೋಡಿ. ಪೂರ್ತಿ ಸ್ಕ್ವೇರ್ ವೇವ್ ಇದ್ರೆ ಇದೇ ಮೀಟರ್ ಉಲ್ಟಾ 11 ಪರ್ಸೆಂಟ್ ಜಾಸ್ತಿ ತೋರಿಸತ್ತೆ. 180 ನೋಡಿ ಕಮ್ಮಿ ಇದೆ ಅಂತ ಪ್ರೀಸೆಟ್ ತಿರುಗಿಸಿ 230ಕ್ಕೆ ತಂದ್ರೆ ನಿಜವಾದ ವೋಲ್ಟೇಜ್ ಇನ್ನೂ ಮೇಲೆ ಹೋಗಿರತ್ತೆ, ಗಿರಾಕಿ ಮನೆ ಟಿವಿ ಹೋಗೋ ಅಪಾಯ ಇದೆ, ದಯವಿಟ್ಟು ಹಾಗೆ ಮಾಡ್ಬೇಡಿ. ಒಂದು ಟ್ರೂ ಆರ್‌ಎಂಎಸ್ ಮೀಟರ್ ತಗೊಳ್ಳಿ.

ಎಲ್‌ಟಿ ಸ್ಪೈಸಲ್ಲಿ ಆರ್‌ಎಂಎಸ್ ನೋಡೋಕೆ ವೇವ್‌ಫಾರ್ಮ್ ಮೇಲ್ಗಡೆ ಹೆಸರು ಇದ್ಯಲ್ಲ, ಕಂಟ್ರೋಲ್ ಹಿಡ್ಕೊಂಡು ಅದರ ಮೇಲೆ ಕ್ಲಿಕ್ ಮಾಡಿದ್ರೆ ಸರಾಸರಿ, ಆರ್‌ಎಂಎಸ್ ಎರಡೂ ಬರತ್ತೆ. ಅದು ಸ್ಕ್ರೀನ್ ಮೇಲೆ ಜೂಮ್ ಆಗಿರೋ ಭಾಗಕ್ಕೆ ಮಾತ್ರ ಲೆಕ್ಕ, ಹಾಗಾಗಿ ಪೂರ್ತಿ ಸೈಕಲ್‌ಗಳೇ ಸ್ಕ್ರೀನಲ್ಲಿ ಇರೋ ಹಾಗೆ ನೋಡ್ಕೊಳ್ಳಿ. ವಾಟ್ ಬೇಕಾದ್ರೆ ಆಲ್ಟ್ ಹಿಡಿದು ಲೋಡ್ ಮೇಲೆ ಕ್ಲಿಕ್ ಮಾಡಿ, ಕರ್ಸರ್ ಥರ್ಮಾಮೀಟರ್ ಆಗತ್ತೆ, ಕ್ಷಣ ಕ್ಷಣದ ಪವರ್ ಪ್ಲಾಟ್ ಆಗತ್ತೆ, ಅದರ ಸರಾಸರಿನೇ ವಾಟ್. ಆರ್‌ಎಂಎಸ್ ವೋಲ್ಟ್‌ನ ಆರ್‌ಎಂಎಸ್ ಆಂಪ್‌ನಿಂದ ಗುಣಿಸಿದ್ರೆ ಬರೋದು ವಿಎ (ವೋಲ್ಟ್-ಆಂಪ್). 230 ವೋಲ್ಟ್, 2 ಆಂಪ್ ಅಂದ್ರೆ 460 ವಿಎ, ಪವರ್ ಫ್ಯಾಕ್ಟರ್ (ವಿಎನಲ್ಲಿ ನಿಜವಾದ ವಾಟ್‌ನ ಪಾಲು) 0.6 ಇದ್ರೆ ವಾಟ್ 276 ಅಷ್ಟೇ. 12 ವೋಲ್ಟ್ ಬ್ಯಾಟರಿಯಿಂದ ಎಳಿಯೋದು ಆ 276ಕ್ಕೆ ತಕ್ಕ ಹಾಗೆ, ಸುಮಾರು 23 ಆಂಪ್, ಮೇಲೆ ಇನ್ವರ್ಟರ್ ಲಾಸ್ ಸೇರತ್ತೆ.

ಮೈನಸ್ ವಿಷಯ ಸುಲಭ. ಸ್ಪೈಸಲ್ಲಿ ವೋಲ್ಟೇಜ್ ಸೋರ್ಸ್‌ನ ಪ್ಲಸ್ ಕಾಲಿನ ಒಳಗೆ ಹೋಗೋ ಕರೆಂಟ್‌ನ ಪಾಸಿಟಿವ್ ಅಂತ ಇಟ್ಕೊಂಡಿದಾರೆ. ಬ್ಯಾಟರಿ ಕರೆಂಟ್ ಕೊಡ್ತಾ ಇದ್ದಾಗ ಅದು ಹೊರಗೆ ಹೋಗತ್ತೆ, ಹಾಗಾಗಿ ಮೈನಸ್. ಚಾರ್ಜ್ ಆಗುವಾಗ ಪ್ಲಸ್ ಬರತ್ತೆ. ರೆಸಿಸ್ಟರ್‌ನ ತಿರುಗಿಸಿ ಇಟ್ಟಿದ್ರೆ ಅದ್ರಲ್ಲೂ ಹೀಗೇ ಚಿಹ್ನೆ ಬದಲಾಗತ್ತೆ, ಗಾಬರಿ ಬೇಡ. ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಮುಂದೆ ಒಂದು ಮೈನಸ್ ಸೇರ್ಸಿದ್ರೆ ಪ್ಲಾಟ್ ಮೇಲಕ್ಕೆ ಬರತ್ತೆ.

ಪ್ರಶ್ನೆ: ನಾನು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜ್ ಇಳಿಸೋ ಸರ್ಕ್ಯೂಟ್) ಮಾಡ್ತಿದೀನಿ. ಡೇಟಾನ ಟೆಕ್ಸ್ಟ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಪೈಥಾನಲ್ಲಿ ಓದ್ದೆ. ಸ್ವಿಚ್ ಕರೆಂಟ್‌ನ ಸರಾಸರಿ ಪೈಥಾನಲ್ಲಿ ಒಂದು, ಎಲ್‌ಟಿ ಸ್ಪೈಸಲ್ಲಿ ಇನ್ನೊಂದು ಬರ್ತಿದೆ, ಸ್ವಲ್ಪ ಅಲ್ಲ, ಎಷ್ಟೋ ಪಟ್ಟು ವ್ಯತ್ಯಾಸ. ಎಕ್ಸ್‌ಪೋರ್ಟಲ್ಲಿ ಬಗ್ ಇದ್ಯಾ ಸರ್? (ಮೈಸೂರು)

ಉತ್ತರ: ಬಗ್ ಇಲ್ಲ, ಮೇಲೆ ದಾವಣಗೆರೆಯವರಿಗೆ ಹೇಳಿದ ಚುಕ್ಕಿ ಕಥೆನೇ ಇದು. ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈನ ಮೀನ್ (ಸರಾಸರಿ) ಫಂಕ್ಷನ್ ಹಾಕಿರ್ತೀರ. ಅದು ಎಲ್ಲಾ ಚುಕ್ಕಿಗೂ ಒಂದೇ ತೂಕ ಕೊಡತ್ತೆ, ಆ ಚುಕ್ಕಿ ಎಷ್ಟು ಟೈಮ್‌ಗೆ ಪ್ರತಿನಿಧಿ ಅನ್ನೋದು ಅದಕ್ಕೆ ಗೊತ್ತಿಲ್ಲ.

ಒಂದು ಉದಾಹರಣೆ ತಗೊಳ್ಳಿ. 10 ಮೈಕ್ರೋಸೆಕೆಂಡ್ ಸೈಕಲಲ್ಲಿ 1 ಮೈಕ್ರೋಸೆಕೆಂಡ್ ಮಾತ್ರ 5 ಆಂಪ್ ಹರಿದು, ಉಳಿದ 9ರಲ್ಲಿ ಸೊನ್ನೆ. ನಿಜವಾದ ಸರಾಸರಿ 0.5 ಆಂಪ್. ಸ್ವಿಚ್ ಆನ್ ಇದ್ದಾಗ ಪ್ರೋಗ್ರಾಮ್ ಹುಷಾರಾಗಿ 40 ಚುಕ್ಕಿ ಇಟ್ಟಿದೆ, ಆಫ್ ಇದ್ದಾಗ ಬರೀ 10 ಇಟ್ಟಿದೆ ಅಂತ ಇಟ್ಕೊಳ್ಳಿ. ಮೀನ್ ಹಾಕಿದ್ರೆ 40 ಗುಣಿಸು 5 ಭಾಗಿಸು 50, ಅಂದ್ರೆ 4 ಆಂಪ್! ಎಂಟು ಪಟ್ಟು ತಪ್ಪು, ಅದೂ ಎಲ್ಲೂ ಎರರ್ ಮೆಸೇಜ್ ಇಲ್ಲದೆ. ಇದನ್ನ ಹಿಡ್ಕೊಂಡು ಹೀಟ್ ಸಿಂಕ್ ಆರಿಸಿದ್ರೆ ಏನಾಗತ್ತೆ ಯೋಚ್ನೆ ಮಾಡಿ.

ಸರಿ ದಾರಿ ಅಂದ್ರೆ ಕರ್ವ್ ಕೆಳಗಿನ ಏರಿಯಾ ತೆಗ್ದು ಒಟ್ಟು ಟೈಮ್‌ನಿಂದ ಭಾಗಿಸೋದು. ನಮ್‌ಪೈ 2ರಲ್ಲಿ ಟ್ರಾಪೆಜಾಯ್ಡ್ ಅನ್ನೋ ಫಂಕ್ಷನ್ ಇದೆ, ಹಳೇದ್ರಲ್ಲಿ ಅದೇ ಟ್ರ್ಯಾಪ್‌ಝಡ್. ಅದಕ್ಕೆ ಕರೆಂಟ್ ಜೊತೆ ಟೈಮ್ ಕಾಲಮ್ ಕೂಡ ಕೊಡೋದು ಮರೀಬೇಡಿ. ಆರ್‌ಎಂಎಸ್‌ಗೂ ಹೀಗೇ, ಮೊದ್ಲು ವರ್ಗ ಮಾಡಿ, ಏರಿಯಾ ತೆಗ್ದು, ಟೈಮ್‌ನಿಂದ ಭಾಗಿಸಿ, ಆಮೇಲೆ ವರ್ಗಮೂಲ. ಪೈಥಾನಲ್ಲಿ ಎಫ್‌ಎಫ್‌ಟಿ ಮಾಡ್ಬೇಕಾದ್ರೆ ಇಂಟರ್ಪ್ ಫಂಕ್ಷನ್‌ನಿಂದ ಸಮ ದೂರದ ಟೈಮ್‌ಗೆ ತಂದ್ಕೊಂಡೇ ಮಾಡಿ. ಎರಡು ಬೇರೆ ರನ್‌ಗಳನ್ನ ಕಳೆಯುವಾಗಲೂ ಅಷ್ಟೇ, ಎರಡರಲ್ಲೂ ಚುಕ್ಕಿಗಳು ಬೇರೆ ಬೇರೆ ಟೈಮಲ್ಲಿ ಬಿದ್ದಿರತ್ತೆ, ಸಾಲಿಗೆ ಸಾಲು ಕಳೆದ್ರೆ ಅರ್ಥ ಇರಲ್ಲ.

ಎಫಿಷಿಯೆನ್ಸಿ ಕೂಡ ಬರೀಬೇಕಾಗತ್ತೆ ನಿಮಗೆ. ಇನ್‌ಪುಟ್ ಪವರ್‌ಗೆ ವೋಲ್ಟೇಜ್ ಗುಣಿಸು ಕರೆಂಟ್‌ನ ಸರಾಸರಿ ತೆಗೀರಿ, ಎರಡರ ಸರಾಸರಿ ಬೇರೆ ಬೇರೆ ತೆಗ್ದು ಗುಣಿಸ್ಬೇಡಿ. ಸ್ಟಾರ್ಟಪ್ ಭಾಗ ಬಿಟ್ಟು, ಔಟ್‌ಪುಟ್ ನೆಲೆ ನಿಂತ ಮೇಲಿನ ಪೂರ್ತಿ ಸೈಕಲ್‌ಗಳನ್ನ ಮಾತ್ರ ತಗೊಳ್ಳಿ. ಇಂಡಕ್ಟರ್‌ನಲ್ಲಿ ಇನ್ನೂ ಎನರ್ಜಿ ತುಂಬ್ತಾನೋ ಖಾಲಿ ಆಗ್ತಾನೋ ಇರುವಾಗ ಅಳೆದ ಎಫಿಷಿಯೆನ್ಸಿ ಯಾವತ್ತೂ ಸರಿ ಬರಲ್ಲ, 100 ದಾಟಿದ್ದನ್ನೂ ರಿಪೋರ್ಟಲ್ಲಿ ಬರ್ದು ತಂದಿದ್ದವ್ರನ್ನ ನೋಡಿದೀನಿ.

ಪ್ರಶ್ನೆ: ನಾನು ಡಿಪ್ಲೊಮಾ ಲೆಕ್ಚರರ್, ಶಿವಮೊಗ್ಗ. ಲ್ಯಾಬಲ್ಲಿ ಆರ್‌ಸಿ ಸರ್ಕ್ಯೂಟ್‌ನ ರೈಸ್ ಟೈಮ್ (ಔಟ್‌ಪುಟ್ 10ರಿಂದ 90 ಪರ್ಸೆಂಟ್‌ಗೆ ಏರೋಕೆ ಬೇಕಾದ ಸಮಯ) ಕರ್ಸರ್ ಇಟ್ಟು ಓದಿ ಅಂದ್ರೆ ಒಬ್ಬೊಬ್ಬರದ್ದೂ ಒಂದೊಂದು ಉತ್ತರ. ಏನು ಮಾಡೋದು?

ಉತ್ತರ: ಕರ್ಸರ್ ಬೇಡ ಅಂತ ಹೇಳಲ್ಲ ಮೇಷ್ಟ್ರೇ, ಒಂದು ಸಲ ಕೈಯಾರೆ ಓದ್ಲಿ. ಆಮೇಲೆ ".ಮೆಸ್" ಕಮಾಂಡ್ ಕಲ್ಸಿ. 5 ವೋಲ್ಟ್ ಸ್ಟೆಪ್ ಆದ್ರೆ ಔಟ್‌ಪುಟ್ 0.5 ದಾಟಿದ ಕ್ಷಣ ಟ್ರಿಗ್, 4.5 ದಾಟಿದ ಕ್ಷಣ ಟಾರ್ಗ್, ಎರಡಕ್ಕೂ ರೈಸ್=1 ಅಂತ ಕೊಟ್ರೆ ಮಧ್ಯದ ಟೈಮ್ ತಾನೇ ಲೆಕ್ಕ ಹಾಕತ್ತೆ. ಉತ್ತರ ಪ್ಲಾಟ್ ಮೇಲೆ ಹುಡುಕ್ಬೇಡಿ, ಕಂಟ್ರೋಲ್ ಎಲ್ ಒತ್ತಿದ್ರೆ ಎರರ್ ಲಾಗ್ ತೆರೆಯತ್ತೆ, ಅಲ್ಲಿರತ್ತೆ. 1 ಕಿಲೋಓಮ್, 100 ನ್ಯಾನೋಫ್ಯಾರಡ್ ಹಾಕಿದ್ರೆ ಎಲ್ಲರಿಗೂ 220 ಮೈಕ್ರೋಸೆಕೆಂಡ್ ಹತ್ರ ಬರ್ಬೇಕು, 2.2 ಗುಣಿಸು ಆರ್‌ಸಿ. ಇದಕ್ಕೆ ".ಸ್ಟೆಪ್" ಹಾಕಿ ರೆಸಿಸ್ಟರ್ ಬದಲಾಯಿಸ್ತಾ ಹೋದ್ರೆ ಅದೇ ಲಾಗಲ್ಲಿ ಪೂರ್ತಿ ಟೇಬಲ್ ಬರತ್ತೆ, ರೈಟ್ ಕ್ಲಿಕ್ ಮಾಡಿ ಆ ಟೇಬಲ್‌ನೇ ಪ್ಲಾಟ್ ಮಾಡ್ಬಹುದು. ರೈಸ್ ಟೈಮ್ ರೆಸಿಸ್ಟೆನ್ಸ್ ಜೊತೆ ನೇರ ಗೆರೆಯಲ್ಲಿ ಏರೋದು ಮಕ್ಕಳಿಗೆ ಆಗ ಮನಸ್ಸಿಗೆ ಇಳಿಯತ್ತೆ. ಲ್ಯಾಬ್ ಕಂಪ್ಯೂಟರ್ ಹಳೇದಾಗಿದ್ರೆ ".ಸೇವ್" ಕೊಟ್ಟು ಬೇಕಾದ ಒಂದೆರಡು ನೋಡ್ ಮಾತ್ರ ಉಳಿಸಿ, ಫೈಲ್ ಚಿಕ್ಕದಾಗತ್ತೆ.

ಪ್ರಶ್ನೆ: 1 ಮೆಗಾಓಮ್‌ಗೆ 1ಎಂ ಅಂತ ದೊಡ್ಡ ಅಕ್ಷರದಲ್ಲೇ ಹಾಕಿದೀನಿ, ಆದ್ರೂ ಔಟ್‌ಪುಟ್ ಶಾರ್ಟ್ ಆದ ಹಾಗಿದೆ. (ತುಮಕೂರು)

ಉತ್ತರ: ಸ್ಪೈಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಎಂ ಅಂದ್ರೆ ಮಿಲಿ. ನೀವು ಹಾಕಿರೋದು 1 ಮಿಲಿಓಮ್. 1ಮೆಗ್ ಅಂತ ಬರೀರಿ. ಹಾಗೇ ಸೂಪರ್ ಕೆಪಾಸಿಟರ್‌ಗೆ 1ಎಫ್ ಅಂತ ಬರ್ದ್ರೆ ಅದು 1 ಫೆಮ್ಟೋಫ್ಯಾರಡ್ ಅಂತ ತಗೊಳ್ಳತ್ತೆ, ಬರೀ 1 ಹಾಕಿ ಸಾಕು.

ಪ್ರಶ್ನೆ: ನಾನು ಲಿನಕ್ಸಲ್ಲಿ ಇಸಿಮ್ ಬಳಸ್ತೀನಿ, ಎನ್‌ಜಿ ಸ್ಪೈಸ್ ಕಮಾಂಡ್ ಲೈನಲ್ಲಿ ಎಫ್‌ಎಫ್‌ಟಿ ಕೊಟ್ರೆ ಉತ್ತರ ವಿಚಿತ್ರವಾಗಿದೆ. (ಕಲಬುರಗಿ)

ಉತ್ತರ: ಇಸಿಮ್ ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ಐಐಟಿ ಬಾಂಬೆಯ ಫಾಸ್ಸೀ ತಂಡ ಮಾಡಿರೋ ಉಚಿತ ಸಾಫ್ಟ್‌ವೇರ್, ಒಳಗೆ ಸರ್ಕ್ಯೂಟ್ ಬಿಡಿಸೋಕೆ ಕೈಕ್ಯಾಡ್, ಸಿಮ್ಯುಲೇಶನ್‌ಗೆ ಎನ್‌ಜಿ ಸ್ಪೈಸ್ ಎರಡೂ ಕೆಲಸ ಮಾಡತ್ತೆ. ನಮ್ಮ ಊರಿನ ಕಾಲೇಜುಗಳಲ್ಲಿ ಇನ್ನೂ ಜಾಸ್ತಿ ಬಳಕೆಗೆ ಬರ್ಬೇಕು ಅಂತ ನನ್ನ ಆಸೆ. ಎನ್‌ಜಿ ಸ್ಪೈಸಲ್ಲಿ ಸಮ ಚುಕ್ಕಿ ಮಾಡೋ ಕೆಲಸ ನೀವೇ ಹೇಳಿ ಮಾಡಿಸ್ಬೇಕು. ಮೊದ್ಲು "ಲೀನಿಯರೈಸ್ ವಿ(ಔಟ್)", ಆಮೇಲೆ "ಎಫ್‌ಎಫ್‌ಟಿ ವಿ(ಔಟ್)", ಆಮೇಲೆ "ಪ್ಲಾಟ್ ಮ್ಯಾಗ್(ವಿ(ಔಟ್))". ಲೀನಿಯರೈಸ್ ಮಾಡುವಾಗ ಅದು ನಿಮ್ಮ ಟ್ರಾನ್ ಲೈನಿನ ಮೊದಲ ನಂಬರ್‌ನ ಅಂತರವಾಗಿ ತಗೊಳ್ಳತ್ತೆ, ಹಾಗಾಗಿ ಇಲ್ಲಿ ಆ ನಂಬರ್‌ಗೆ ಬೆಲೆ ಇದೆ, ಸಣ್ಣದಾಗಿ ಕೊಡಿ. ಡೇಟಾ ಹೊರಗೆ ಬೇಕಾದ್ರೆ "ಡಬ್ಲ್ಯುಆರ್‌ಡೇಟಾ" ಕಮಾಂಡ್ ಇದೆ.

ಪ್ರಶ್ನೆ: ಗಿಟಾರ್‌ಗೆ ಡಿಸ್ಟಾರ್ಷನ್ ಪೆಡಲ್ ಮಾಡ್ತಿದೀನಿ, ಎರಡು ಡಯೋಡ್ ಹಾಕಿ ಕ್ಲಿಪ್ ಮಾಡೋದು. ವೇವ್‌ಫಾರ್ಮ್ ನೋಡಿದ್ರೆ ಹೇಗೆ ಕೇಳ್ಸತ್ತೆ ಅಂತ ಗೊತ್ತಾಗಲ್ಲ. ಸೋಲ್ಡರ್ ಮಾಡೋಕೆ ಮುಂಚೆ ಕೇಳೋ ದಾರಿ ಇದ್ಯಾ? (ಮಂಗಳೂರು)

ಉತ್ತರ: ಇದೆ! ಎಲ್‌ಟಿ ಸ್ಪೈಸಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸೌಲಭ್ಯ ಇದು. ನಿಮ್ಮ ಗಿಟಾರ್‌ನ ಎರಡು ಮೂರು ಸೆಕೆಂಡ್ ವೇವ್ ಫೈಲಾಗಿ ರೆಕಾರ್ಡ್ ಮಾಡಿ, ಸ್ಕೀಮ್ಯಾಟಿಕ್ ಇರೋ ಫೋಲ್ಡರಲ್ಲೇ ಇಡಿ, ವೋಲ್ಟೇಜ್ ಸೋರ್ಸ್‌ನ ವ್ಯಾಲ್ಯೂ ಜಾಗದಲ್ಲಿ "ವೇವ್‌ಫೈಲ್=" ಅಂತ ಬರ್ದು ಫೈಲ್ ಹೆಸರು ಕೊಡಿ. ಔಟ್‌ಪುಟ್‌ಗೆ ".ವೇವ್" ಅನ್ನೋ ಲೈನ್, ಅದ್ರಲ್ಲಿ ಹೊಸ ಫೈಲ್ ಹೆಸರು, 16 ಬಿಟ್, 44.1ಕೆ, ವಿ(ಔಟ್). ರನ್ ಮುಗಿದ್ಮೇಲೆ ಆ ಫೈಲ್‌ನ ಹೆಡ್‌ಫೋನಲ್ಲಿ ಕೇಳಿ. ಪ್ಲಸ್ 1ರಿಂದ ಮೈನಸ್ 1 ವೋಲ್ಟ್ ಒಳಗೆ ಇದ್ರೆ ಮಾತ್ರ ಸರಿ, ದಾಟಿದ್ರೆ ಫೈಲಲ್ಲೇ ಕ್ಲಿಪ್ ಆಗಿ ಪೆಡಲ್‌ದು ಯಾವ್ದು ಫೈಲ್‌ದು ಯಾವ್ದು ಗೊತ್ತಾಗಲ್ಲ, ಹಾಗಾಗಿ ಔಟ್‌ಪುಟ್ ದೊಡ್ಡದಿದ್ರೆ ಎರಡು ರೆಸಿಸ್ಟರ್ ಹಾಕಿ ಇಳಿಸ್ಕೊಳ್ಳಿ. ಸೆಕೆಂಡ್‌ಗಟ್ಟಲೆ ಸಿಮ್ಯುಲೇಶನ್ ನಿಧಾನ, ಮಧ್ಯೆ ಒಂದು ಕಾಫಿ ಕುಡ್ಕೊಂಡು ಬರ್ಬಹುದು.

ಹಾಗೇ ಎರಡು ಡಯೋಡಲ್ಲಿ ಒಂದನ್ನ ತೆಗ್ದು ಇನ್ನೊಂದು ಸಲ ಕೇಳಿ. ಎರಡೂ ಇದ್ದಾಗ ಮೇಲೆ ಕೆಳಗೆ ಒಂದೇ ಥರ ಕತ್ತರಿಸಿ 3, 5, 7 ಹೀಗೆ ಬೆಸ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಬೆಸ ಪಟ್ಟುಗಳು) ಬರತ್ತೆ, ಒಂದೇ ಇದ್ದಾಗ 2, 4 ಕೂಡ ಸೇರತ್ತೆ. ಎಫ್‌ಎಫ್‌ಟಿಲಿ ನೋಡೋದಾದ್ರೆ ಗಿಟಾರ್ ಬೇಡ, 1 ಕಿಲೋಹರ್ಟ್ಜ್ ಸೈನ್ ಕೊಟ್ಟು ನೋಡಿ, ಗೋಪುರಗಳು ಸ್ಪಷ್ಟವಾಗಿ ನಿಲ್ಲತ್ತೆ. ಯಾವ್ದು ಕಿವಿಗೆ ಹಿತ ಅನ್ನೋದು ನೀವೇ ಕೇಳಿ ಹೇಳ್ಬೇಕು, ಫೈಲ್ ಎರಡೂ ಇಟ್ಕೊಂಡಿರಿ, ಮುಂದಿನ ಪತ್ರದಲ್ಲಿ ಯಾವ್ದು ಆರಿಸಿದ್ರಿ ಅಂತ ಬರೀರಿ.